ಬೀಗರ ಮುಂದೆ ನಿಂತುಹೋದ ಮದುವೆ

ವೈರು ಸಡಿಲಾಗಿರಬಹುದು, ವೋಲ್ಟೇಜ್ ಬಿದ್ದಿರಬಹುದು, ಟಿವಿಯೇ ಕೈಕೊಟ್ಟಿರಬಹುದು, ಅಥವಾ ನಾನು ತೀರಾ ಹತ್ತಿರ ಕೂತು ಉಸಿರಾಡಿದ್ದಕ್ಕೇ ಎಲ್ಲ ಕೆಟ್ಟಿರಬಹುದು. ಈಗಲೂ ಫೋನಿನಲ್ಲಿ ವಿಡಿಯೊ ತಡವರಿಸಿದರೆ ನನಗೆ ದಾವಣಗೆರೆಯ ನಮ್ಮ ಮನೆಯ ಆ ಮಧ್ಯಾಹ್ನವೇ ನೆನಪಾಗುತ್ತದೆ.

ಅಕ್ಕನ ಮದುವೆಯ ಸಿ.ಡಿ. ನೋಡಲು ಹರಿಹರದಿಂದ ಬೀಗರು ಬಂದಿದ್ದರು. ಹೊಸ ವಿಸಿಡಿ ಪ್ಲೇಯರ್ ಮುಂದೆ ಓಣಿಗೆ ಓಣಿಯೇ ನೆರೆದಿತ್ತು. ಖುಷಿಗೆ ನನಗೆ ಊಟವೇ ಇಳಿದಿರಲಿಲ್ಲ. ಚಿತ್ರ ಒಮ್ಮೆ ಓಡಿತು, ಒಮ್ಮೆ ನಿಂತಿತು. ಅಕ್ಕನ ಅತ್ತೆಯ ಮುಖ ಬಂದರೆ ಮಾತ್ರ ತಪ್ಪದೆ ಚೂರುಚೂರಾಗುತ್ತಿತ್ತು.

"ನಿಮ್ಮ ಕಡೇರೆಲ್ಲ ಚಲೋ ಕಾಣ್ತಾರೆ. ನಾನು ಬಂದ್ರೆ ಮಾತ್ರ ಹಿಂಗ್ಯಾಕ್ರಿ?" ಅಂದರು ಅವರು.

ಅಪ್ಪ ಬೆವರಿದರು. ಬೀಗರು ಅಕ್ಕನನ್ನು ಇಲ್ಲೇ ಬಿಟ್ಟು ಹೋಗುತ್ತಾರೆಂದು ನಾನು ಆಗಲೇ ತೀರ್ಮಾನಿಸಿಬಿಟ್ಟಿದ್ದೆ.

ಸೋದರಮಾವ ವೈರು ಕಿತ್ತು ಸಿಕ್ಕಿಸಿದರು, ಟಿವಿಯ ತಲೆಗೆ ಬಡಿದರು. ಕೊನೆಗೆ ಸಿ.ಡಿ. ಹೊರತೆಗೆದು ತಿರುಗಿಸಿದರೆ, ಹೊಳೆಯುವ ಮೈಮೇಲೆ ವಿಭೂತಿಯ ಮೂರು ಪಟ್ಟೆ!

"ಹೊಸ ಜೋಡಿ ಅದರೊಳಗೈತೆ. ದೃಷ್ಟಿ ಆಗಬಾರ್ದು ಅಂತ ನಾನೇ ಹಚ್ಚೀನಿ," ಅಂದಳು ಅಜ್ಜಿ.

ಮಾವ ಒರೆಸಲು ಟವೆಲ್ ಎತ್ತಿದರು.

"ತಡೀರಿ," ಅಂದರು ಅಕ್ಕನ ಅತ್ತೆ. ಆ ವಿಭೂತಿಯನ್ನು ಬೆರಳಲ್ಲಿ ಮೆಲ್ಲಗೆ ತೆಗೆದು ತಮ್ಮ ಹಣೆಗೆ ಹಚ್ಚಿಕೊಂಡರು.