ಗುರುವಾರದ ಪಕ್

"ನಾವು ಫಸ್ಟ್ ಮಮ್ಮಿ," ಎಂದ ರೂಬೆನ್. ಶಾಲಾ ಐಸ್ ಹಾಕಿ ತಂಡಗಳ ಅರ್ಧ ಸೀಸನ್ನಿನ ರ‍್ಯಾಂಕಿಂಗ್ ಆಗಷ್ಟೇ ಮೊಬೈಲಿಗೆ ಬಂದಿತ್ತು. ಮರುಕ್ಷಣ ತಿದ್ದಿಕೊಂಡ: "ನಾವಲ್ಲ, ಅವರು." ಅಪ್ಪ ಲ್ಯಾನ್ಸ್‌ಲಾಟ್‌ಗೆ ದೂರದ ದುಖಾನ್ ಊರಿಗೆ ವರ್ಗವಾದಾಗ ಅವನು ದೋಹಾದ ತಂಡ ಬಿಟ್ಟು ಬಂದಿದ್ದ. ಯಾರು ಕೇಳಿದರೂ, "ಹಾಕಿ ಖಲಾಸ್," ಎನ್ನುತ್ತಿದ್ದ.

ಅಮ್ಮ ಅಗಾತಾ ಬಂಗುಡೆ ತೆಗೆಯಲು ಫ್ರೀಝರ್ ತೆರೆದಳು. ಮೀನಿನ ಜೊತೆ ಹಾಕಿಯ ಪಕ್, ಆ ಕಪ್ಪು ರಬ್ಬರ್ ಬಿಲ್ಲೆ, ತಣ್ಣಗೆ ಕೂತಿತ್ತು. ಐಸಿನ ಮೇಲೆ ಪುಟಿಯದಿರಲೆಂದು ಶುಕ್ರವಾರದ ಮ್ಯಾಚಿಗೆ ಗುರುವಾರವೇ ಅದನ್ನು ಹಾಗಿಡುವುದು ದೋಹಾದಲ್ಲಿದ್ದಾಗಿನ ರೂಢಿ.

"ಮ್ಯಾಚ್ ಇಲ್ಲವಲ್ಲ ಪುತಾ, ಇದನ್ನು ಯಾಕೆ ಇಟ್ಟದ್ದು?"

"ನಾನು ಇಟ್ಟದ್ದಲ್ಲ."

ಇಬ್ಬರೂ ತಿರುಗಿ ನೋಡಿದರು. ಲ್ಯಾನ್ಸ್‌ಲಾಟ್ ಸುಲಿದ ನೀರುಳ್ಳಿಯನ್ನೇ ಮತ್ತೆ ಸುಲಿಯುತ್ತಿದ್ದ.

"ಇವತ್ತು ಗುರುವಾರ ಅಲ್ವಾ," ಎಂದ, ತಲೆ ಎತ್ತದೆ. "ಕೈ ಕೇಳುವುದಿಲ್ಲ."