ಹವಳದ ಎಂಟನೇ ದಿನ

ಮಲ್ಪೆಯಲ್ಲಿ ಸತ್ತವರನ್ನು ಈಗ ಸುಡುವುದಿಲ್ಲ. ಹವಳ ಮಾಡಿ, ಗಾಜಿನ ತೊಟ್ಟಿಯಲ್ಲಿಟ್ಟು ಮನೆಗೆ ಕಳಿಸುತ್ತಾರೆ. ಎಂಟೇ ದಿನಕ್ಕೆ ಗಂಡನ ಕಂದು ಬಣ್ಣ ಹೋಗಿ ಮಿರಮಿರ ನೇರಳೆಯಾದದ್ದು ಕಂಡು ಕುಸುಮಕ್ಕನಿಗೆ ಹಿಗ್ಗೋ ಹಿಗ್ಗು.

ತಪಾಸಣೆಗೆ ಬಂದ ಹವಳದ ಡಾಕ್ಟರು ಮಾತ್ರ ಹುಬ್ಬು ಗಂಟಿಕ್ಕಿದರು. “ತೊಟ್ಟಿಯ ಲೈಟು ಯಾವಾಗ ಆರಿಸ್ತೀರಿ ಅಕ್ಕಾ?”

“ಆರಿಸುವುದಾ? ಹದಿಮೂರನೇ ದಿನದ ಬೊಜ್ಜದ ಕ್ರಿಯೆ ಮುಗಿಯುವವರೆಗೆ ಸತ್ತವರ ದೀಪ ಆರಬಾರದಲ್ಲ!”

“ಕಂದು ಇದ್ದಾಗಲೇ ಚೆನ್ನಾಗಿದ್ದರು. ಇದು ಸಂಕಟದ ಬಣ್ಣ. ರಾತ್ರಿ ಕತ್ತಲೆ ಸಿಗದಿದ್ದರೆ ಬಿಳಿಚಿಕೊಂಡು ಸಾಯ್ತಾರೆ.”

ಡಾಕ್ಟರು ಹೋದ ಮೇಲೂ ಕುಸುಮಕ್ಕ ಸ್ವಿಚ್ಚಿನ ಮೇಲೆ ಬೆರಳಿಟ್ಟು ನಿಂತೇ ಇದ್ದರು. ಆರಿಸಿದರೆ ಸತ್ತವರಿಗೆ ದಾರಿ ಕಾಣದು. ಆರಿಸದಿದ್ದರೆ ಇವರು ಇನ್ನೊಮ್ಮೆ ಸಾಯುತ್ತಾರೆ.

“ನೀವೇ ಹೇಳಿ ಮಾರಾಯ್ರೇ,” ಎಂದು ತೊಟ್ಟಿಯನ್ನೇ ಕೇಳಿದರು.

ಬದುಕಿದ್ದಾಗಿನ ಹಾಗೆಯೇ, ಗಂಡ ತುಟಿಪಿಟಕ್ಕೆನ್ನಲಿಲ್ಲ.