ಬಾಬಯ್ಯನ ನೂಲು

ಕ್ಯಾತನ ಹೊಸ ನೂಲು ಹಳೆಯ ನೂಲಿಗಿಂತ ನಾಲ್ಕು ಬೆರಳು ಉದ್ದ ಬಂದಾಗ, ಬಾಬಯ್ಯನ ಹಸ್ತದಾಕಾರದ ಪಂಜಾ ಕೂರಿಸಿದ್ದ ಮನೆಯ ಮುಂದೆ ನೆರೆದಿದ್ದವರೆಲ್ಲ ಖುಷಿಪಟ್ಟರು. ಖುಷಿಪಡದವಳು ಅಳೆದ ಅಮೀರ್ ಬಿ ಒಬ್ಬಳೇ. ವರ್ಷವೆಲ್ಲ ಜ್ವರದಲ್ಲಿ ಮಲಗಿ, ಹೊಟ್ಟೆ ಮಾತ್ರ ಮುಂದೆ ಬಂದು, ಕೈಕಾಲು ಕಡ್ಡಿಯಾಗಿದ್ದ ಹುಡುಗ ನಾಲ್ಕು ಬೆರಳು ಬೆಳೆಯುವುದೆಂದರೇನು?

ಕಳ್ಳಂಬೆಳ್ಳದ ಆಚೆಯ ಆ ಊರಿನಲ್ಲೂ ಮೊಹರಂ ಎಂದರೆ ಬಾಬಯ್ಯನ ಹಬ್ಬವೇ. ಕೆಂಡ ಹಾಯುವುದು, ಪಂಜಾದ ಮುಂದೆ ಸಕ್ಕರೆ ಇಟ್ಟು ಓದಿಸುವುದು ಎಲ್ಲ ಬೇರೆ ಊರಿನಂತೆಯೇ. ಹರಕೆಯ ಮಕ್ಕಳನ್ನು ಅಳೆಯುವುದೊಂದು ಮಾತ್ರ ಅಲ್ಲಿಯದೇ ಪದ್ಧತಿ. ಮಗುವನ್ನು ಬಾಗಿಲಿಗೆ ಒರಗಿಸಿ ನಿಲ್ಲಿಸಿ, ಹಿಮ್ಮಡಿಯಿಂದ ನೆತ್ತಿಯವರೆಗೆ ಕೆಂಪು ನೂಲು ಹಿಡಿದು, ಎರಡು ತುದಿಗೂ ಗಂಟು ಹಾಕಿ ತಾಯಿಯ ಕೈಗೆ ಕೊಡಬೇಕು. ಮುಂದಿನ ಹಬ್ಬಕ್ಕೆ ತಾಯಿ ಅದನ್ನು ತರಬೇಕು, ಹೊಸದರ ಪಕ್ಕದಲ್ಲಿ ಹಿಡಿದು ನೋಡಬೇಕು. ಆಮೇಲೆ ಹಳೆಯದು ಪಂಜಾದ ಜೊತೆ ಕೆರೆಗೆ. ಗೊಲ್ಲರ ಹಟ್ಟಿಯ ಮಕ್ಕಳೇನು, ಸಾಬರ ಬೀದಿಯ ಮಕ್ಕಳೇನು, ಎಲ್ಲರೂ ಅಮೀರ್ ಬಿಯ ಕೈಯಲ್ಲಿ ಅಳೆಸಿಕೊಂಡೇ ದೊಡ್ಡವರಾದವರು. ಈಗ ಮೀಸೆ ಬಿಟ್ಟು ನಿಂತಿದ್ದ ಕ್ಯಾತನ ಅಪ್ಪ ಗಂಗಣ್ಣನನ್ನೂ ಅವಳೇ ಅಳೆದಿದ್ದಳು. ಆಗ ಅವನು ಒಂದು ಕಡೆ ನಿಲ್ಲದೆ ಪ್ರಾಣ ತಿನ್ನುತ್ತಿದ್ದ.

ಅದು ಐವತ್ತೆಂಟನೇ ಇಸವಿಯ ಹಬ್ಬ. ಈ ಸಲ ನೂಲು ಬೆಳೆಯದಿದ್ದರೆ ಮಾರನೆಯ ದಿನವೇ ಮಗನನ್ನು ತುಮಕೂರಿನ ದೊಡ್ಡಾಸ್ಪತ್ರೆಗೆ ಒಯ್ಯುವುದು, ಬೆಳೆದಿದ್ದರೆ ಬಾಬಯ್ಯನೇ ನೋಡಿಕೊಳ್ಳುತ್ತಾನೆಂದು ಸುಮ್ಮನಿರುವುದು ಎಂದು ಗಂಗಣ್ಣ ಹಟ್ಟಿಗೆಲ್ಲ ಹೇಳಿಕೊಂಡು ಬಂದಿದ್ದ. ಅವನ ಹೆಂಡತಿ ಜುಂಜಮ್ಮನಿಗೆ ಆಸ್ಪತ್ರೆ ಎಂದರೆ ಎದೆ ಧಸಕ್ಕೆನ್ನುತ್ತಿತ್ತು. ಆಸ್ಪತ್ರೆಗೆಂದು ಹೋದ ಅವಳ ಅಕ್ಕನ ಮಗು ತಿರುಗಿ ಬಂದಿರಲಿಲ್ಲ.

ಅಮೀರ್ ಬಿ ಹಳೆಯ ನೂಲನ್ನು ಬೆರಳಲ್ಲಿ ತಡವಿದಳು. ಒಂದು ತುದಿಯಲ್ಲಿದ್ದದ್ದು ಅವಳದೇ ಗಂಟು, ಅತ್ತೆ ಕಲಿಸಿದ ಮೂರು ಸುತ್ತಿನದು. ಇನ್ನೊಂದು ತುದಿಯಲ್ಲಿದ್ದದ್ದು ಹೆಂಗಸರು ಸೆರಗಿಗೆ ಎಲೆ ಅಡಿಕೆ ಕಟ್ಟಿಕೊಳ್ಳುವ ಗಂಟು. ಯಾರು ಕತ್ತರಿಸಿ ಗಿಡ್ಡ ಮಾಡಿ ಗಂಟು ಹಾಕಿದರೆಂದು ಕೇಳಬೇಕಾಗಿರಲಿಲ್ಲ. ಜುಂಜಮ್ಮ ಮಗನ ನೆತ್ತಿಯ ಮೇಲೆ ಕೈಯಿಟ್ಟುಕೊಂಡು ಎತ್ತಲೋ ನೋಡುತ್ತಿದ್ದಳು.

ಅಮೀರ್ ಬಿಗೆ ಮೊದಲು ಬಂದದ್ದು ಸಿಟ್ಟೇ. ಬಾಬಯ್ಯನ ಎದುರಿಗೆ, ತನ್ನ ಕೈಯಿಂದಲೇ ಸುಳ್ಳು ಅಳೆಸಿದಳಲ್ಲ! ಆದರೆ ನಾಲ್ಕು ಜನರ ಮುಂದೆ ಹೇಳಿಬಿಟ್ಟರೆ, ದೇವರ ನೂಲು ಕತ್ತರಿಸಿದವಳೆಂಬ ಹೆಸರು ಹೊತ್ತು ಇವಳು ಹಟ್ಟಿಯಲ್ಲಿ ಬಾಳುವುದು ಹೇಗೆ? ಹೇಳದೆ ಹೋದರೆ, ಬರುವ ಹಬ್ಬಕ್ಕೆ ಅಳೆಯಲು ಹುಡುಗನೇ ಇರುವುದು ಅನುಮಾನ.

"ನಾಕು ಬೆಳ್ಳು ಬೆಳ್ದವ್ನೆ. ಇನ್ಯಾಕೆ ಆಸ್ಪತ್ರೆ, ಅಲ್ವೇನಮ್ಮ?" ಎಂದು ಗಂಗಣ್ಣ ಹಗುರಾಗಿ ನಕ್ಕ.

"ನಾನೂ ಅದ್ನೇ ನೋಡ್ತಾ ಇವ್ನಿ ಕಣ್ಲಾ," ಎಂದಳು ಅಮೀರ್ ಬಿ. "ವರ್ಸೆಲ್ಲ ಮಲಗಿದ್ದ ಮಗ ಇಷ್ಟು ಬೆಳೀತದಾ? ಇಂಗೆ ಬೆಳೆಯೋದೂ ಒಂದು ಕಾಯ್ಲೇನೆ. ನಾಳೆ ಬೆಳಗಿನ ಬಸ್ಸಿಗೇ ಕರ್ಕೊಂಡು ಹೊರಡು."

ಗಂಗಣ್ಣನ ನಗು ನಿಂತಿತು. ಅಂಥ ಕಾಯಿಲೆಯ ಹೆಸರನ್ನು ಅಲ್ಲಿ ಯಾರೂ ಕೇಳಿರಲಿಲ್ಲ. ಆದರೆ ಮಕ್ಕಳು ಬೆಳೆಯುವ ವಿಷಯದಲ್ಲಿ ಅಮೀರ್ ಬಿಗೆ ಎದುರಾಡುವವರೂ ಆ ಊರಿನಲ್ಲಿರಲಿಲ್ಲ. ಅವನು ಆಗಲೆಂದು ತಲೆಯಾಡಿಸಿ ಸಕ್ಕರೆ ಓದಿಸಲು ಒಳಗೆ ಹೋದ.

ಜುಂಜಮ್ಮ ಹತ್ತಿರ ಬಂದಳು. ಬೈಸಿಕೊಳ್ಳಲು ತಯಾರಾಗಿಯೇ ಬಂದಂತಿತ್ತು. ಅಮೀರ್ ಬಿ ಬೈಯಲಿಲ್ಲ. "ನೀನೂ ಬತ್ತೀಯೇನಮ್ಮ ಜೊತ್ಗೆ?" ಎಂದು ಕೇಳಿದಳು ಜುಂಜಮ್ಮ. ಕೇಳಿದ ಮೇಲೆ ಅವಳಿಗೇ ನೆನಪಾಯಿತು, ನಾಳೆ ಪಂಜಾ ಕೆರೆಗೆ ಹೋಗುವ ದಿನ. ಸೊಸೆಯಾಗಿ ಬಂದಾಗಿನಿಂದ ಅಮೀರ್ ಬಿ ಆ ದಿನ ಊರು ಬಿಟ್ಟವಳಲ್ಲ.

"ಬಾಬಯ್ಯಂಗೆ ಕೆರೆ ದಾರಿ ಗೊತ್ತೈತೆ ಕಣಮ್ಮ," ಎಂದಳು ಅಮೀರ್ ಬಿ. "ನಿಂಗೆ ಆಸ್ಪತ್ರೆ ದಾರಿ ಗೊತ್ತಿಲ್ಲ."